ಹೊರಗೆ ಮೂರು, ಒಳಗೆ ಎಂಟು: ಪ್ರೆಸ್ಸಿಗೆ ಕೊಡುವ ಫೈಲಿಗೆ ಬ್ಲೀಡ್ ಬಿಡುವ ಬಗೆ

ಪೆನ್‌ಡ್ರೈವ್ ಹಿಡಿದುಕೊಂಡು ಪ್ರೆಸ್ಸಿಗೆ ಬಂದವರಿಗೆ ನಾನು ಮೊದಲು ಕೇಳುವುದು, "ಕಟಿಂಗ್ ಆದ ಮ್ಯಾಲೆ ಎಷ್ಟು ಸೈಜ್ ಬೇಕ್ರಿ?" ಇದಕ್ಕೆ ಇಂಚಿನಲ್ಲೋ ಮಿಲಿಮೀಟರಿನಲ್ಲೋ ಉತ್ತರ ಬಂದರೆ ಫೈಲ್ ಅರ್ಧ ಸರಿಯಿದೆ ಅಂತ ಲೆಕ್ಕ. ಬಹಳ ಮಂದಿ "ಹ್ಯಾಂಡ್‌ಬಿಲ್ ಸೈಜ್ ಅಕ್ಕಾ, ನಿಮಗ ಗೊತ್ತಿರ್ತೈತಲ್ಲ" ಅನ್ನುತ್ತಾರೆ. ಫೈಲ್ ತೆರೆದರೆ ಹಿನ್ನೆಲೆಯ ಬಣ್ಣ ಪೇಜಿನ ಅಂಚಿಗೆ ಸರಿಯಾಗಿ ಬಂದು ನಿಂತಿರುತ್ತದೆ, ಫೋನ್ ನಂಬರು ಅದೇ ಅಂಚಿಗೆ ಅಂಟಿಕೊಂಡಿರುತ್ತದೆ.

ಕೊಪ್ಪಳದ ಜವಾಹರ ರಸ್ತೆಯ ಹತ್ತಿರದ ಓಣಿಯೊಂದರ ಪ್ರೆಸ್ಸಿನಲ್ಲಿ ಪೇಜ್ ಕೂಡಿಸುವುದು ನನ್ನ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ. ಒಂದು ಬಣ್ಣ, ಎರಡು ಬಣ್ಣದ ಕೆಲಸ ಇಲ್ಲೇ ಆಗುತ್ತದೆ. ನಾಲ್ಕು ಬಣ್ಣದ್ದು ಹೆಚ್ಚಾಗಿ ಗದಗಕ್ಕೆ ಹೋಗುತ್ತದೆ (ಮುದ್ರಣ ಕಾಶಿ ಅಂತ ಅದಕ್ಕೆ ಹೆಸರು ಬಂದದ್ದು ಸುಮ್ಮನೆ ಅಲ್ಲ), ಇಲ್ಲವೇ ಹುಬ್ಬಳ್ಳಿಗೆ. ಕ್ಯಾಲೆಂಡರ್ ಆದರೆ ಶಿವಕಾಶಿ. ಫೈಲ್ ಯಾವ ಊರಿಗೆ ಹೋದರೂ ಬ್ಲೀಡಿನ, ಅಂದರೆ ಕಟಿಂಗ್ ಗೆರೆಯ ಆಚೆಗೂ ಬಣ್ಣ ಬಿಡುವುದರ ಲೆಕ್ಕ ಒಂದೇ. ಅದನ್ನು ಇಲ್ಲಿ ಬರೆದಿಡುತ್ತೇನೆ, ಹೊಸದಾಗಿ ಡಿಟಿಪಿ (ಕಂಪ್ಯೂಟರಿನಲ್ಲಿ ಪೇಜ್ ಕೂಡಿಸುವುದು) ಕಲಿಯುವವರಿಗೆ ಮತ್ತು ತಮ್ಮ ಫೈಲ್ ತಾವೇ ಮಾಡಿಕೊಂಡು ಬರುವವರಿಗೆ.

ಅಚ್ಚಿನ ಮಷಿನ್ ಕಾಗದದ ಅಂಚಿನವರೆಗೆ ಮಸಿ ಹಚ್ಚುವುದಿಲ್ಲ. ಹಾಳೆಯನ್ನು ಒಂದು ಬದಿಯಿಂದ ಕಚ್ಚಿ ಒಳಗೆ ಎಳೆದುಕೊಳ್ಳುವ ಗ್ರಿಪ್ಪರ್ ಇರುತ್ತದಲ್ಲ, ಅಲ್ಲಿ ಸುಮಾರು 10 ಮಿ.ಮೀ. ಖಾಲಿ ಬಿಡಲೇಬೇಕು. ಹಾಗಾಗಿ ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿ, ಒಣಗಿದ ಮೇಲೆ ಬೇಕಾದ ಸೈಜಿಗೆ ಕತ್ತರಿಸುತ್ತಾರೆ. ಕತ್ತರಿಸುವುದು ಒಂದೊಂದೇ ಹಾಳೆಯನ್ನಲ್ಲ, ನೂರಾರು ಹಾಳೆಯನ್ನು ಒಟ್ಟಿಗೆ. ಮೇಲಿನಿಂದ ಕ್ಲಾಂಪ್ ಒತ್ತಿ ಹಿಡಿಯುತ್ತದೆ, ಬ್ಲೇಡ್ ಓರೆಯಾಗಿ ಇಳಿಯುತ್ತದೆ, ಇಳಿಯುವಾಗ ಕಾಗದದ ಗಂಟನ್ನು ಕೂದಲೆಳೆಯಷ್ಟು ಎಳೆಯುತ್ತದೆ. ಗಂಟಿನ ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಅಳತೆ ತುಸು ಬೇರೆಯಾಗುತ್ತದೆ. ಜೊತೆಗೆ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಕಾಗದ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಒಟ್ಟಿನಲ್ಲಿ ಕಟಿಂಗ್ ಒಂದು ಮಿ.ಮೀ. ಅತ್ತ ಇತ್ತ ಆಗುವುದು ಆ ಕೆಲಸದ ಸ್ವಭಾವ.

ಈ ಒಂದು ಮಿ.ಮೀ. ಹೊರಗೆ ಸರಿದರೆ ಬಣ್ಣದ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಕಡುನೀಲಿ ಹಿನ್ನೆಲೆಯ ಕಾರ್ಡಿನಲ್ಲಿ ಅರ್ಧ ಮಿ.ಮೀ. ಬಿಳಿ ಸಾಕು, ಗಿರಾಕಿ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಅದಕ್ಕೇ ಕಟಿಂಗ್ ಗೆರೆಯ ಆಚೆಗೂ ಬಣ್ಣವನ್ನು, ಚಿತ್ರವನ್ನು 3 ಮಿ.ಮೀ. ಹರಿಯಬಿಡುವುದು. ಅದೇ ಬ್ಲೀಡ್. ನಮ್ಮಲ್ಲಿ ಕಟಿಂಗ್ ಮಷಿನ್ ನೋಡಿಕೊಳ್ಳುವ ಕಾಕಾ ಒಂದೇ ಮಾತಿನಲ್ಲಿ ಹೇಳುತ್ತಾರೆ: "ಯವ್ವಾ, ನನಗ ಗೆರಿ ಕೊಡಬ್ಯಾಡ, ಜಾಗ ಕೊಡು."

ಕಾಕಾ ಕೇಳುವ ಜಾಗ ಎರಡೂ ಕಡೆ ಬೇಕು. ಹೊರಗಿನ 3 ಮಿ.ಮೀ.ಯನ್ನು ಈಗ ಹುಡುಗರು ಯೂಟ್ಯೂಬ್ ನೋಡಿ ಕಲಿತುಕೊಂಡು ಬರುತ್ತಾರೆ. ಒಳಗಿನದ್ದನ್ನು ಮರೆಯುತ್ತಾರೆ. ನಾನು ನೋಡಿದ ಮಟ್ಟಿಗೆ ಕೆಟ್ಟುಹೋದ ಕೆಲಸಗಳಲ್ಲಿ ಹೆಚ್ಚಿನವು ಕೆಟ್ಟದ್ದು ಒಳಗಡೆಯಿಂದಲೇ. ಅದರ ಬಗ್ಗೆ ಮುಂದೆ ಜಾಸ್ತಿ ಹೇಳುತ್ತೇನೆ.

ಮೊದಲು ಹಾಳೆ, ಆಮೇಲೆ ಡಿಸೈನ್

ಎ4, ಎ5 ಅನ್ನುವುದು ಕಂಪ್ಯೂಟರಿನ ರೂಢಿ. ನಮ್ಮ ಪ್ರೆಸ್ಸುಗಳ ರೂಢಿ ಡೆಮಿ ಮತ್ತು ಕ್ರೌನ್ ಅನ್ನುವ ಹಾಳೆಯ ಅಳತೆಗಳು. ಅಂಗಡಿಯಲ್ಲಿ ಸಿಗುವ ಹಾಳೆ 23×36 ಇಂಚು, ಅದು ಡಬಲ್ ಡೆಮಿ. ಅದನ್ನು ನಡುವೆ ಕತ್ತರಿಸಿದರೆ 18×23, ಅದು ಡೆಮಿ. ಇದರಲ್ಲಿ ಎಂಟು ಎ5 ಬರುತ್ತವೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಲೆಕ್ಕ ಹಾಕಿ ನೋಡಿ: ಎ5ರ ಅಗಲ 148 ಮಿ.ಮೀ. ನಾಲ್ಕು ಸಾಲಾಗಿ ಇಟ್ಟರೆ 592. ಹಾಳೆಯ 23 ಇಂಚು ಅಂದರೆ 584. ಬ್ಲೀಡ್ ಬಿಡುವ ಮಾತು ಹಾಗಿರಲಿ, ಬರೀ ಹ್ಯಾಂಡ್‌ಬಿಲ್ಲೇ ಕೂಡುವುದಿಲ್ಲ. ಆಗ ಪ್ರೆಸ್ಸಿನವರು ನಿಮ್ಮನ್ನು ಕೇಳದೆ ಫೈಲನ್ನು ತುಸು ಸಣ್ಣ ಮಾಡುತ್ತಾರೆ, ಇಲ್ಲವೇ ದೊಡ್ಡ ಹಾಳೆ ತರಿಸಿ ಅದರ ರೊಕ್ಕ ನಿಮ್ಮ ಬಿಲ್ಲಿಗೆ ಹಾಕುತ್ತಾರೆ.

ಅದೇ 1/8 ಡೆಮಿ, ಅಂದರೆ ಕಟಿಂಗ್ ಆದ ಮೇಲೆ 5.5×8.5 ಇಂಚು, ಸುಮಾರು 140×216 ಮಿ.ಮೀ. ಸುತ್ತಲೂ 3 ಮಿ.ಮೀ. ಬ್ಲೀಡ್ ಸೇರಿಸಿದರೆ 146×222. ನಾಲ್ಕು ಅಗಲಕ್ಕೆ 584, ಎರಡು ಎತ್ತರಕ್ಕೆ 444, ಗ್ರಿಪ್ಪರಿಗೆ 10 ಸೇರಿದರೆ 454. ಹಾಳೆ ಇರುವುದು 584×457. ಉಸಿರು ಹಿಡಿದು ಕೂತ ಹಾಗೆ ಕೂಡುತ್ತದೆ, ಪಕ್ಕದಲ್ಲಿ ಕ್ರಾಪ್ ಮಾರ್ಕ್ (ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಮೂಲೆಯ ಗುರುತು) ಹಾಕಲಿಕ್ಕೂ ಜಾಗ ಉಳಿಯುವುದಿಲ್ಲ. ಎಂಟಕ್ಕೆ ಎಂಟೂ ಒಂದೇ ಹ್ಯಾಂಡ್‌ಬಿಲ್ ಆಗಿ, ಅಂಚಿನ ಬಣ್ಣ ಎಲ್ಲ ಕಡೆ ಒಂದೇ ಆಗಿದ್ದರೆ ನಡುವಿನ ಬ್ಲೀಡ್ ಬಿಟ್ಟು ಒಂದಕ್ಕೊಂದು ಅಂಟಿಸಿ ಒಂದೇ ಕಟ್ ಹೊಡೆಯಬಹುದು. ಅಂಚಿನಲ್ಲಿ ಫೋಟೊ ಇದ್ದರೆ ಆಗದು, ಪಕ್ಕದ ಹ್ಯಾಂಡ್‌ಬಿಲ್ಲಿನ ಚೂರು ಇದರ ಅಂಚಿಗೆ ಬಂದು ಕೂರುತ್ತದೆ. ಅದಕ್ಕೇ ಫೈಲ್ ಶುರು ಮಾಡುವ ಮೊದಲು ಪ್ರೆಸ್ಸಿಗೆ ಒಂದು ಫೋನ್ ಮಾಡಿ: ಯಾವ ಹಾಳೆ, ಕಟಿಂಗ್ ಸೈಜ್ ಎಷ್ಟು, ಬ್ಲೀಡ್ ಎಷ್ಟು ಬೇಕು, ಕ್ರಾಪ್ ಮಾರ್ಕ್ ನಾವು ಹಾಕಬೇಕೋ ನೀವು ಹಾಕುತ್ತೀರೋ. ಹೆಚ್ಚಿನವರು 3 ಮಿ.ಮೀ. ಅನ್ನುತ್ತಾರೆ. ರಟ್ಟಿನ ಬೈಂಡಿಂಗಿನ ಪುಸ್ತಕವಾದರೆ ಹೊದಿಕೆ ಕಾಗದ ರಟ್ಟಿನ ಸುತ್ತ ಒಳಗೆ ಮಡಚಬೇಕು, ಅದಕ್ಕೆ 15ರಿಂದ 20 ಮಿ.ಮೀ. ಕೇಳುತ್ತಾರೆ. ಅದು ಬೇರೆ ಲೆಕ್ಕ.

ಒಳಗಿನ ಗೆರೆ

ಒಂದು ಪೇಜಿಗೆ ಮೂರು ಗೆರೆ ಅಂತ ಇಟ್ಟುಕೊಳ್ಳಿ. ನಡುವಿನದ್ದು ಕಟಿಂಗ್ ಗೆರೆ. ಅದರ ಹೊರಗೆ 3 ಮಿ.ಮೀ.ಗೆ ಬ್ಲೀಡ್ ಗೆರೆ. ಅದರ ಒಳಗೆ ಇನ್ನೊಂದು ಗೆರೆ, ಅಕ್ಷರ, ಲೋಗೊ, ಮುಖ, ಫೋನ್ ನಂಬರ್ ಯಾವುದೂ ಅದನ್ನು ದಾಟಬಾರದು. ಇಂಗ್ಲಿಷಿನಲ್ಲಿ ಕೆಲಸ ಮಾಡುವವರು ಈ ಒಳಗೆರೆಗೆ 3ರಿಂದ 5 ಮಿ.ಮೀ. ಸಾಕು ಅನ್ನುತ್ತಾರೆ. ಕನ್ನಡಕ್ಕೆ ಮೇಲೆ ಮತ್ತು ಪಕ್ಕಗಳಲ್ಲಿ 5 ಇರಲಿ, ಕೆಳಗಡೆ 8 ಇಡಿ ಅನ್ನುವುದು ನನ್ನ ಹಟ.

ಕಾರಣ ಒತ್ತಕ್ಷರ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರದ ಬಾಲ ಮಾತ್ರ. ವಿಳಾಸವನ್ನು ಬರೀ ದೊಡ್ಡಕ್ಷರದಲ್ಲಿ ಹಾಕಿದರೆ ಅದೂ ಇಲ್ಲ. ನಮ್ಮಲ್ಲಿ ಸಾಲಿನ ಕೆಳಗೇ ಇನ್ನೊಂದು ಸಾಲು ನಡೆದಿರುತ್ತದೆ. ಹ್ಯಾಂಡ್‌ಬಿಲ್ಲಿನ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಏನಿರುತ್ತದೆ? "ಸ್ಟೇಷನ್ ರಸ್ತೆ, ಕೊಪ್ಪಳ." ಇದರಲ್ಲಿ ಟ ಒತ್ತು, ತ ಒತ್ತು, ಪ ಒತ್ತು ಮೂರೂ ಇವೆ. ಬಳ್ಳಾರಿಯವರಿಗೆ ಳ ಒತ್ತು. ಇನ್ನು "ಶಾಸ್ತ್ರಿ", "ರಾಷ್ಟ್ರೀಯ" ಬಂದರೆ ಒತ್ತಿನ ಜೊತೆ ಇನ್ನೊಂದು ಒತ್ತು ನೇತಾಡುತ್ತದೆ, ಕೆಲವು ಫಾಂಟಿನಲ್ಲಿ ಅದು ಅಕ್ಷರದ ಎತ್ತರದಷ್ಟೇ ಆಳಕ್ಕೆ ಹೋಗುತ್ತದೆ. ಕಣ್ಣಳತೆಯಲ್ಲಿ ಅಂಚಿನಿಂದ ದೂರ ನೋಡುವಾಗ ನಾವು ನೋಡುವುದು ಅಕ್ಷರದ ಪಾದ, ಒತ್ತನ್ನಲ್ಲ. ಸ್ಕ್ರೀನಿನಲ್ಲಿ 5 ಮಿ.ಮೀ. ಇದೆ ಅನಿಸಿದ್ದು ಒತ್ತಿನಿಂದ ಅಳೆದರೆ 2 ಇರುತ್ತದೆ. ಬ್ಲೇಡ್ ಒಂದು ಮಿ.ಮೀ. ಒಳಗೆ ಬಂದರೆ ಒತ್ತಿನ ಹೊಟ್ಟೆಗೂ ಅಂಚಿಗೂ ನಡುವೆ ಒಂದೇ ಮಿ.ಮೀ. ಉಳಿಯುತ್ತದೆ. ಇನ್ನೂ ತುಸು ಬಂದರೆ "ಕೊಪ್ಪಳ" ಹೋಗಿ "ಕೊಪಳ" ಆಗುತ್ತದೆ. ಒಂದು ಸಂಸ್ಥೆಯ ಆಮಂತ್ರಣ ಪತ್ರಿಕೆ ಹೀಗೇ ಬಂದಿತ್ತು, ಬೇರೆ ಕಡೆ ಕೂಡಿಸಿದ ಫೈಲ್. ಅಧ್ಯಕ್ಷರ ಹೆಸರಿನ ಕೆಳಗಿನ ಊರಿನ ಒತ್ತು ಗಂಟಿನ ಅರ್ಧ ಹಾಳೆಗಳಲ್ಲಿ ಇತ್ತು, ಇನ್ನರ್ಧದಲ್ಲಿ ಇರಲಿಲ್ಲ.

ಇದಕ್ಕೆ ಒಂದು ಸುಲಭದ ದಾರಿ ಇದೆ. ಕೊನೆಯ ಸಾಲನ್ನು ಒಂದು ಪ್ರತಿ ಮಾಡಿ ಕರ್ವ್‌ಗೆ (ಅಕ್ಷರ ಹೋಗಿ ಬರೀ ಗೆರೆಯ ಆಕಾರ ಆಗುವ ಹಾಗೆ) ಬದಲಿಸಿ, ಆಗ ಅದರ ಅಳತೆಯ ಚೌಕ ಒತ್ತಿನ ತುದಿಯವರೆಗೂ ಸೇರಿ ಬರುತ್ತದೆ. ಆ ಚೌಕದ ತಳಕ್ಕೆ ಗೈಡ್ ಎಳೆದು ಅಂಚಿನಿಂದ ಎಷ್ಟು ದೂರ ಇದೆ ನೋಡಿ. ನೋಡಿದ ಮೇಲೆ ಪ್ರತಿಯನ್ನು ಅಳಿಸಿಬಿಡಿ.

ಒಳಗಡೆ ಕೈ ಕೊಡುವ ಇನ್ನೊಂದು ಸಂಗತಿ ಬಾರ್ಡರ್. ಲಗ್ನಪತ್ರಿಕೆಗೆ ಅಂಚಿನಿಂದ 3 ಮಿ.ಮೀ.ಗೆ ಸುತ್ತಲೂ ಸಣ್ಣ ಬಂಗಾರದ ಗೆರೆ ಬೇಕು ಅಂತ ಎಲ್ಲರಿಗೂ ಆಸೆ. ಕಟಿಂಗ್ ಒಂದು ಮಿ.ಮೀ. ಸರಿದರೆ ಒಂದು ಬದಿಗೆ 2, ಎದುರಿನ ಬದಿಗೆ 4. ಒಂದರ ಎರಡರಷ್ಟು. ಗೆರೆ ಇಲ್ಲದಿದ್ದರೆ ಯಾರಿಗೂ ತಿಳಿಯದ ವ್ಯತ್ಯಾಸ ಗೆರೆ ಇದ್ದದ್ದಕ್ಕೇ ಎದ್ದು ಕಾಣುತ್ತದೆ. ಅದೇ ಗೆರೆಯನ್ನು 8 ಮಿ.ಮೀ. ಒಳಗೆ ಇಟ್ಟರೆ 7 ಮತ್ತು 9, ಕಣ್ಣಿಗೆ ಹತ್ತುವುದಿಲ್ಲ. ಅಂಚಿಗೇ ಬೇಕು ಅಂತ ಹಟ ಮಾಡಿದರೆ ಸಣ್ಣ ಗೆರೆ ಬಿಟ್ಟು ದಪ್ಪ ಪಟ್ಟಿ ಮಾಡಿ, ಬ್ಲೀಡಿನ ತುದಿಯಿಂದ ಶುರುವಾಗಿ ಪೇಜಿನ ಒಳಗೆ 8 ಮಿ.ಮೀ.ವರೆಗೆ ಬರುವ ಹಾಗೆ.

ಕೋರೆಲ್‌ನಲ್ಲಿ

ನಮ್ಮ ಕಡೆ ಹತ್ತರಲ್ಲಿ ಎಂಟು ಫೈಲ್ ಬರುವುದು ಕೋರೆಲ್‌ಡ್ರಾದಲ್ಲಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಪೇಜ್ ಸೈಜನ್ನು ಕಟಿಂಗ್ ಸೈಜಿಗೇ ಇಡಿ, 140×216. ಲೇಔಟ್ ಮೆನುವಿನಿಂದ ಪೇಜ್ ಸೆಟಪ್‌ಗೆ ಹೋಗಿ ಬ್ಲೀಡ್ ಜಾಗದಲ್ಲಿ 3 ಮಿ.ಮೀ. ಹಾಕಿ, ಬ್ಲೀಡ್ ಏರಿಯಾ ತೋರಿಸು ಅನ್ನುವುದಕ್ಕೆ ಟಿಕ್ ಹಾಕಿ. ಪೇಜಿನ ಸುತ್ತ ಚುಕ್ಕಿ ಗೆರೆ ಬರುತ್ತದೆ. ಗೆರೆ ಬಂದ ಮಾತ್ರಕ್ಕೆ ಬ್ಲೀಡ್ ಬಂದ ಹಾಗೆ ಆಗಲಿಲ್ಲ. ಬಣ್ಣವನ್ನು ಅಲ್ಲಿಯವರೆಗೆ ನೀವೇ ಒಯ್ಯಬೇಕು.

ಎಲ್ಲರೂ ಸಿಕ್ಕಿಬೀಳುವುದು ಆಯತದ ಟೂಲಿನಲ್ಲಿ. ಅದನ್ನು ಎರಡು ಸಲ ಕ್ಲಿಕ್ ಮಾಡಿದರೆ ಪೇಜಿನಷ್ಟೇ ದೊಡ್ಡ ಚೌಕ ತಾನೇ ಬರುತ್ತದೆ. ಕೈಗೆ ರೂಢಿಯಾದ ಕೆಲಸ, ಎಲ್ಲರ ಹಿನ್ನೆಲೆಯೂ ಹಾಗೇ ಹುಟ್ಟುವುದು. ಆದರೆ ಆ ಚೌಕ ಸರಿಯಾಗಿ ಕಟಿಂಗ್ ಗೆರೆಗೆ ನಿಲ್ಲುತ್ತದೆ, ಬ್ಲೀಡಿಗೆ ಒಂದು ಚೂರೂ ಹೋಗುವುದಿಲ್ಲ. ಚೌಕ ಬಂದ ಕೂಡಲೇ ಮೇಲಿನ ಪಟ್ಟಿಯಲ್ಲಿ ಬೀಗದ ಗುರುತು ತೆಗೆದು ಅಗಲ 146, ಎತ್ತರ 222 ಅಂತ ಟೈಪ್ ಮಾಡಿ. ನಡುವಿನಿಂದಲೇ ಹಿಗ್ಗುವುದರಿಂದ ನಾಲ್ಕೂ ಕಡೆ 3 ಮಿ.ಮೀ. ಹೊರಬರುತ್ತದೆ. ಪವರ್‌ಕ್ಲಿಪ್ ಮಾಡುವ, ಅಂದರೆ ಚೌಕಟ್ಟಿನ ಒಳಗೆ ಕೂರಿಸುವ ಫೋಟೊಗೂ ಇದೇ ಮಾತು: ಹೊರಗಿನ ಚೌಕಟ್ಟನ್ನು ಮೊದಲು ಹಿಗ್ಗಿಸಿ, ಆಮೇಲೆ ಒಳಗೆ ಹೋಗಿ ಫೋಟೊ ಅಷ್ಟು ತುಂಬಿದೆಯಾ ನೋಡಿ. ಚೌಕಟ್ಟು ಹಿಗ್ಗಿ ಫೋಟೊ ಹಿಂದೆ ಉಳಿದರೆ ಅಂಚಿನಲ್ಲಿ ಬಿಳಿ.

ಪಿಡಿಎಫ್ ಮಾಡುವಾಗ ಪಬ್ಲಿಷ್ ಟು ಪಿಡಿಎಫ್, ಸೆಟ್ಟಿಂಗ್ಸ್, ಅಲ್ಲಿ ಪ್ರಿಪ್ರೆಸ್ ಅನ್ನುವ ಟ್ಯಾಬ್. ಬ್ಲೀಡ್ ಲಿಮಿಟ್ 3 ಮಿ.ಮೀ., ಪ್ರೆಸ್ಸಿನವರು ಬೇಕು ಅಂದಿದ್ದರೆ ಕ್ರಾಪ್ ಮಾರ್ಕ್. ಈ ಟಿಕ್ ಹಾಕದಿದ್ದರೆ ನೀವು ಪಟ್ಟ ಪಾಡೆಲ್ಲ ಪಿಡಿಎಫ್‌ನಲ್ಲಿ ಕತ್ತರಿಸಿಹೋಗುತ್ತದೆ, ಬರೀ 140×216 ಉಳಿಯುತ್ತದೆ.

ಫಾಂಟಿನ ವಿಷಯ. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಕೂಡಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷಿನ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಆದ್ದರಿಂದ ಫೈಲಿನ ಒಂದು ಪ್ರತಿ ತಿದ್ದುವುದಕ್ಕೆ ಹಾಗೇ ಇಟ್ಟುಕೊಂಡು, ಇನ್ನೊಂದರಲ್ಲಿ ಎಲ್ಲ ಅಕ್ಷರ ಆರಿಸಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ ಮಾಡಿ ಕಳಿಸಿ.

ಉಳಿದವು

ಇನ್‌ಡಿಸೈನ್ ಪುಸ್ತಕಕ್ಕೆ ಎಲ್ಲಕ್ಕಿಂತ ಅನುಕೂಲ. ಹೊಸ ಡಾಕ್ಯುಮೆಂಟ್ ತೆರೆಯುವಾಗಲೇ ಬ್ಲೀಡ್ 3 ಮಿ.ಮೀ. ಹಾಕಿ, ಪೇಜಿನ ಹೊರಗೆ ಕೆಂಪು ಗೆರೆ ಕಾಣುತ್ತದೆ, ಬಣ್ಣ ಅಲ್ಲಿಯವರೆಗೆ ಹೋಗಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಮಾರ್ಕ್ಸ್ ಆಂಡ್ ಬ್ಲೀಡ್ಸ್ ಪುಟದಲ್ಲಿ ಡಾಕ್ಯುಮೆಂಟಿನ ಬ್ಲೀಡನ್ನೇ ಬಳಸು ಅನ್ನುವುದಕ್ಕೆ ಟಿಕ್. ಕ್ರಾಪ್ ಮಾರ್ಕ್ ಹಾಕುವುದಾದರೆ ಅದೇ ಪುಟದಲ್ಲಿ ಆಫ್‌ಸೆಟ್ ಅಂತ ಒಂದು ಜಾಗ ಇದೆ, ಅದರಲ್ಲಿ ಮೊದಲೇ 2.117 ಮಿ.ಮೀ. ಕೂತಿರುತ್ತದೆ. ಅದನ್ನು 3 ಮಾಡಿ. ಹಾಗೇ ಬಿಟ್ಟರೆ ಮಾರ್ಕಿನ ತುದಿ ನಿಮ್ಮ ಬ್ಲೀಡಿನ ಒಳಗೇ ಬಂದು ಚುಚ್ಚುತ್ತದೆ. ಪುಸ್ತಕದ ಪುಟಗಳನ್ನು ಒಂದೊಂದಾಗಿ ಕೊಡಿ, ಜೋಡಿ ಪುಟ ಮಾಡಿ ಕೊಡಬೇಡಿ, ಫಾರಂ ಕೂಡಿಸುವುದು (ದೊಡ್ಡ ಹಾಳೆಯ ಮೇಲೆ ಪುಟಗಳನ್ನು ಜೋಡಿಸುವುದು) ಪ್ರೆಸ್ಸಿನವರ ಕೆಲಸ. ಯೂನಿಕೋಡ್ ಕನ್ನಡದಲ್ಲಿ ಒತ್ತು ಒಡೆದು ಬಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

ರೊಕ್ಕ ಕೊಟ್ಟು ಸಾಫ್ಟ್‌ವೇರ್ ತಗೊಳ್ಳಲಿಕ್ಕೆ ಆಗದವರಿಗೆ ಸ್ಕ್ರೈಬಸ್ ಇದೆ, ಪುಕ್ಕಟೆ. ಅದರಲ್ಲಿ ಬ್ಲೀಡೂ ಇದೆ, ಸಿಎಂವೈಕೆ (ಅಚ್ಚಿನ ನಾಲ್ಕು ಮಸಿಯ) ಬಣ್ಣವೂ ಇದೆ, ಈಚಿನ ಆವೃತ್ತಿಗಳಲ್ಲಿ ಕನ್ನಡ ಒತ್ತಕ್ಷರವೂ ಸರಿಯಾಗಿ ಕೂಡುತ್ತದೆ. ನಮ್ಮ ಊರಿನಲ್ಲಿ ಯಾಕೋ ಅದನ್ನು ಬಳಸುವವರು ಕಡಿಮೆ.

ಫೋಟೊಶಾಪಿನಲ್ಲಿ ಬ್ಲೀಡ್ ಅನ್ನುವ ಜಾಗವೇ ಇಲ್ಲ. ಕ್ಯಾನ್ವಾಸನ್ನೇ 146×222 ಮಿ.ಮೀ., 300 ರೆಸಲ್ಯೂಷನ್‌ಗೆ ತೆರೆಯಿರಿ (1724×2622 ಪಿಕ್ಸೆಲ್ ಬರುತ್ತದೆ), ನಾಲ್ಕೂ ಕಡೆ 3 ಮಿ.ಮೀ.ಗೆ ಗೈಡ್ ಎಳೆಯಿರಿ, ಆ ಗೈಡೇ ಕಟಿಂಗ್ ಗೆರೆ. ಸಣ್ಣ ಅಕ್ಷರವನ್ನು ಇದರಲ್ಲಿ ಕೂಡಿಸದಿದ್ದರೆ ಒಳ್ಳೆಯದು.

ಕ್ಯಾನ್ವಾದಲ್ಲಿ ಮೊಬೈಲಿನಲ್ಲೇ ಮಾಡಿಕೊಂಡು ಬರುವವರು ಈಗ ಬಹಳ. ತಪ್ಪೇನಿಲ್ಲ. ಕಂಪ್ಯೂಟರಿನಲ್ಲಿ ತೆರೆದು ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟ್ ಬ್ಲೀಡ್ ತೋರಿಸು ಅಂತ ಕೊಡಿ, ಹಿನ್ನೆಲೆಯನ್ನು ಆ ಗೆರೆಯ ಆಚೆಗೆ ಎಳೆಯಿರಿ, ಇಳಿಸಿಕೊಳ್ಳುವಾಗ ಪಿಡಿಎಫ್ ಪ್ರಿಂಟ್ ಆರಿಸಿ ಕ್ರಾಪ್ ಮಾರ್ಕ್ಸ್ ಆಂಡ್ ಬ್ಲೀಡ್‌ಗೆ ಟಿಕ್ ಹಾಕಿ. ಪುಕ್ಕಟೆ ಖಾತೆಯಲ್ಲಿ ಬಣ್ಣ ಆರ್‌ಜಿಬಿಯಲ್ಲೇ (ಸ್ಕ್ರೀನಿನ ಬಣ್ಣದಲ್ಲೇ) ಬರುತ್ತದೆ. ಮೊಬೈಲಿನಲ್ಲಿ ಮಿಂಚುವ ಗಿಣಿಹಸಿರು, ಕಡುಕೇಸರಿ ಕಾಗದದ ಮೇಲೆ ಮಂಕಾಗುತ್ತವೆ, ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ. ವರ್ಡಿನಲ್ಲಿ ಮಾಡಿದ್ದನ್ನು ಮಾತ್ರ ತರಬೇಡ್ರಪ್ಪಾ.

ಬ್ಲೀಡ್ ಇಲ್ಲದೆ ಬಂದ ಫೈಲಿಗೆ ಏನು ಮಾಡುವುದು

ಗವಿಮಠದ ಜಾತ್ರೆ ಜನವರಿಯಲ್ಲಿ. ಅದಕ್ಕೆ ಮೊದಲಿನ ವಾರಗಳಲ್ಲಿ ಬರುವ ಫೈಲುಗಳಲ್ಲಿ ಅರ್ಧ ಹೀಗೇ: ಒಂದು ಜೆಪೆಗ್, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು, ಅಕ್ಷರ ಚಿತ್ರ ಎಲ್ಲ ಒಂದಾಗಿ ಅಂಟಿಕೊಂಡಿರುತ್ತದೆ, ಮೂಲ ಫೈಲ್ ಯಾರ ಹತ್ತಿರ ಇದೆಯೋ ಅವರು ಫೋನ್ ಎತ್ತುವುದಿಲ್ಲ.

ಎಲ್ಲರಿಗೂ ಹೊಳೆಯುವ ಉಪಾಯ ಚಿತ್ರವನ್ನೇ ಹಿಗ್ಗಿಸುವುದು. 140ನ್ನು 146 ಮಾಡಲಿಕ್ಕೆ ನೂರಕ್ಕೆ ನಾಲ್ಕು ಚಿಲ್ಲರೆ ಹಿಗ್ಗಿಸಿದರೆ ಸಾಕು, ಅಷ್ಟರಲ್ಲಿ ಚಿತ್ರ ಕೆಡುವುದಿಲ್ಲ. ಆದರೆ ಅಕ್ಷರವೂ ಜೊತೆಗೇ ಅಂಚಿನ ಕಡೆ ಜರುಗುತ್ತದೆ. ಪಕ್ಕದಲ್ಲಿ 5 ಮಿ.ಮೀ. ಒಳಗಿದ್ದ ಅಕ್ಷರ ಪೇಜಿನ ನಡುವಿನಿಂದ 65 ಮಿ.ಮೀ. ದೂರದಲ್ಲಿ ಇರುತ್ತದೆ. ಹಿಗ್ಗಿದ ಮೇಲೆ 67.8. ಕಟಿಂಗ್ ಗೆರೆ ಇರುವುದು 70ಕ್ಕೆ. ಉಳಿದದ್ದು 2.2 ಮಿ.ಮೀ. ಅಂದರೆ ಹೊರಗೆ 3 ಗಳಿಸಲಿಕ್ಕೆ ಹೋಗಿ ಒಳಗೆ ಅರ್ಧಕ್ಕಿಂತ ಹೆಚ್ಚು ಕಳಕೊಂಡಿರಿ. ಅಕ್ಷರ ಅಂಚಿನಿಂದ 8-10 ಮಿ.ಮೀ. ಒಳಗಿದ್ದರೆ ಮಾತ್ರ ಹೀಗೆ ಮಾಡಿ.

ಇಲ್ಲದಿದ್ದರೆ ಬೇರೆ ದಾರಿಗಳಿವೆ. ಅಂಚಿನಲ್ಲಿ ಒಂದೇ ಬಣ್ಣ ಇದ್ದರೆ ಆ ಬಣ್ಣವನ್ನು ಐಡ್ರಾಪರಿನಿಂದ ಎತ್ತಿ ಹಿಂದೆ 146×222 ಚೌಕ ಇಡಿ. ಆಕಾಶ, ಹುಲ್ಲು, ಗೋಡೆ ಇಂಥದ್ದು ಇದ್ದರೆ ಅಂಚಿನ 3 ಮಿ.ಮೀ. ಪಟ್ಟಿಯನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಹೊರಗೆ ಜೋಡಿಸಿ. ಅದರಲ್ಲಿ ಮುಕ್ಕಾಲು ಪಾಲು ಕಟಿಂಗ್‌ನಲ್ಲಿ ಹೋಗುವಂಥದ್ದೇ, ಯಾರಿಗೂ ತಿಳಿಯುವುದಿಲ್ಲ. ಫೋಟೊಶಾಪಿನ ಕಂಟೆಂಟ್-ಅವೇರ್ ಫಿಲ್ ಕೂಡ ಇಷ್ಟು ಸಣ್ಣ ಪಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಯಾವುದೂ ಆಗದಿದ್ದರೆ ಬ್ಲೀಡಿನ ಆಸೆ ಬಿಟ್ಟು, ಚಿತ್ರವನ್ನು ಸಣ್ಣ ಮಾಡಿ ಸುತ್ತಲೂ 8 ಮಿ.ಮೀ. ಬಿಳಿ ಅಂಚು ಬಿಡಿ. ಬೇಕೆಂದೇ ಬಿಟ್ಟ ಅಗಲದ ಬಿಳಿ ಅಂಚು ಚಂದ ಕಾಣುತ್ತದೆ.

ವಾಟ್ಸ್ಆ್ಯಪ್ ಚಿತ್ರದ ಇನ್ನೊಂದು ತೊಂದರೆ: ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಉದ್ದನೆಯ ಬದಿ 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. 222 ಮಿ.ಮೀ. ಎತ್ತರಕ್ಕೆ ಹಚ್ಚಿದರೆ ಇಂಚಿಗೆ 183 ಬರುತ್ತದೆ, 300 ಬೇಕಾದ ಕಡೆ. ಫೋಟೊ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಅಕ್ಷರದ ಅಂಚು ಗರಗಸ ಹಲ್ಲಾಗುತ್ತದೆ. "ತಮ್ಮಾ, ಡಾಕ್ಯುಮೆಂಟ್ ಅಂತ ಒತ್ತಿ ಕಳಸು" ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ಪುಸ್ತಕದ ಮುಖಪುಟ

ಮುಖಪುಟ ಅಂದರೆ ಮುಂಬದಿ, ಬೆನ್ನು, ಹಿಂಬದಿ ಮೂರೂ ಸೇರಿ ಒಂದೇ ಹಾಳೆ, ಒಂದೇ ಫೈಲ್. ಬಿಡಿ ಬಿಡಿಯಾಗಿ ತಂದುಕೊಡಬೇಡಿ. ಕುಷ್ಟಗಿ ಕಡೆಯ ಮಾಸ್ತರರೊಬ್ಬರ ಕವನ ಸಂಕಲನ ಅಂತ ಇಟ್ಟುಕೊಳ್ಳಿ, 1/8 ಡೆಮಿ, 200 ಪುಟ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್‌ಲಿಥೋ ಕಾಗದ. 200 ಪುಟ ಅಂದರೆ 100 ಹಾಳೆ. ಆ ಕಾಗದ ಒಂದೊಂದು ಸುಮಾರು 0.09 ಮಿ.ಮೀ. ದಪ್ಪ, ಬೆನ್ನು ಹತ್ತಿರ ಹತ್ತಿರ 9 ಮಿ.ಮೀ. ಮುಖಪುಟದ ಅಗಲ 140+9+140, ಅದಕ್ಕೆ ಬ್ಲೀಡ್ 6 ಸೇರಿ 295. ಎತ್ತರ 222. ಬೆನ್ನಿನ ದಪ್ಪವನ್ನು ಲೆಕ್ಕದಿಂದ ತೆಗೆದು ಅಷ್ಟಕ್ಕೇ ಬಿಡಬೇಡಿ, ಒಂದು ಮಿಲ್ಲಿನ 70 ಜಿಎಸ್‌ಎಂ ಇನ್ನೊಂದರಷ್ಟೇ ದಪ್ಪ ಇರುವುದಿಲ್ಲ. ಪ್ರೆಸ್ಸಿನಲ್ಲಿ ಅದೇ ಕಾಗದದ 100 ಹಾಳೆ ಎಣಿಸಿ, ಗಟ್ಟಿಯಾಗಿ ಒತ್ತಿ ಹಿಡಿದು ಸ್ಕೇಲಿನಿಂದ ಅಳೆಯಿರಿ.

ಡಿಸೈನ್ ಮಾಡುವವರಿಗೆ ಬೆನ್ನು ಮಾತ್ರ ಬೇರೆ ಬಣ್ಣ ಮಾಡುವ ಆಸೆ ಇರುತ್ತದೆ. ಗೋಂದು ಹಚ್ಚಿ ಮುಖಪುಟ ಮಡಚುವಾಗ ಒಂದು ಮಿ.ಮೀ. ಸರಿದರೆ ಬೆನ್ನಿನ ಕೆಂಪು ಮುಂಬದಿಗೆ ಇಣುಕುತ್ತದೆ. ಬೆನ್ನಿನ ಬಣ್ಣ ಎರಡೂ ಬದಿಗೆ ಮುಂದುವರಿದರೆ ಈ ತಲೆನೋವೇ ಇಲ್ಲ. ಬೆನ್ನಿನ ಮೇಲಿನ ಹೆಸರಿಗೆ ಅಕ್ಕಪಕ್ಕ ಒಂದೂವರೆ ಮಿ.ಮೀ. ಬಿಡಿ. 9 ಮಿ.ಮೀ. ಬೆನ್ನಿನಲ್ಲಿ ಉಳಿಯುವುದು 6, ಅಷ್ಟರಲ್ಲೇ ಒತ್ತೂ ಸೇರಿ ಕೂಡಬೇಕು. 5 ಮಿ.ಮೀ.ಗಿಂತ ಸಣ್ಣ ಬೆನ್ನಿಗೆ ಹೆಸರು ಹಾಕದಿರುವುದೇ ಲೇಸು, ಕವಿಗಳಿಗೆ ಬೇಸರವಾದರೂ.

ಒಳಪುಟಗಳಲ್ಲಿ ಬರೀ ಅಕ್ಷರ ಇದ್ದರೆ ಬ್ಲೀಡ್ ಬೇಕಾಗಿಲ್ಲ. ಪುಟ ತುಂಬ ಫೋಟೊ ಇದ್ದರೆ ಮೇಲೆ, ಕೆಳಗೆ, ಹೊರಬದಿಗೆ ಬಿಡಿ. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಬೆನ್ನು ಉಜ್ಜಿ ಗೋಂದು ಹಚ್ಚುವುದರಿಂದ ಒಳಬದಿಯಲ್ಲಿ ಅಕ್ಷರಕ್ಕೆ 18ರಿಂದ 20 ಮಿ.ಮೀ. ಜಾಗ ಬೇಕು. ಪಿನ್ ಹೊಡೆಯುವ ಸ್ಮರಣ ಸಂಚಿಕೆಯಲ್ಲಿ ಬೇರೆ ಪೇಚು: ಹಾಳೆಗಳು ಒಂದರೊಳಗೊಂದು ಕೂತಿರುವುದರಿಂದ ನಡುವಿನ ಹಾಳೆ ಹೊರಗೆ ಚಾಚಿಕೊಂಡಿರುತ್ತದೆ, ಕಟಿಂಗ್‌ನಲ್ಲಿ ಅದು ಹೆಚ್ಚು ಹೋಗುತ್ತದೆ. ಆರ್ಟ್ ಪೇಪರಿನ 64 ಪುಟದ ಸಂಚಿಕೆಯಲ್ಲಿ ನಡುವಿನ ಪುಟಗಳ ಸಂಖ್ಯೆಯನ್ನು ಹೊರ ಅಂಚಿನಿಂದ 10 ಮಿ.ಮೀ. ಒಳಗಿಡಿ.

ಫ್ಲೆಕ್ಸಿಗೆ ಈ ಮೂರು ಮಿ.ಮೀ. ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅಂಚು ಮಡಚಿ ತೂತು ಹೊಡೆಯುತ್ತಾರೆ, ಅಕ್ಷರ ಮೂರು ಇಂಚು ಒಳಗಿದ್ದರೆ ಮುಗಿಯಿತು.

ಕಳಿಸುವ ಮೊದಲು

ಪಿಡಿಎಫನ್ನು ಅಕ್ರೊಬ್ಯಾಟ್ ರೀಡರಿನಲ್ಲಿ ತೆರೆದು ಕಂಟ್ರೋಲ್-ಡಿ ಒತ್ತಿ. ಪೇಜ್ ಸೈಜ್ 146×222 ತೋರಿಸಬೇಕು, ಕ್ರಾಪ್ ಮಾರ್ಕ್ ಹಾಕಿದ್ದರೆ ಅದಕ್ಕಿಂತ ಹೆಚ್ಚು. 140×216 ತೋರಿಸಿದರೆ ಬ್ಲೀಡ್ ಹೊರಗೇ ಉಳಿದಿದೆ, ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ 400%ಗೆ ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ, ಬಣ್ಣ ತುದಿ ಮುಟ್ಟಿದೆಯಾ ಅಂತ. ಸಣ್ಣ ಅಕ್ಷರದ ಕಪ್ಪು ಬರೀ ಕೆ 100 (ಕಪ್ಪು ಮಸಿ ಒಂದೇ) ಇರಲಿ. ನಾಲ್ಕೂ ಬಣ್ಣ ಕೂಡಿದ ಕಪ್ಪು ಇದ್ದರೆ ಪ್ಲೇಟ್ ತುಸು ಸರಿದಾಗ ಒತ್ತಿನ ಸಂದಿಯಲ್ಲಿ ಕೆಂಪು, ನೀಲಿ ಇಣುಕುತ್ತದೆ.

ಇನ್ನೊಂದು ಪರೀಕ್ಷೆ ನಾನು ಕಲಿಯುವವರಿಗೆಲ್ಲ ಮಾಡಿಸುತ್ತೇನೆ. ಕ್ರಾಪ್ ಮಾರ್ಕ್ ಸಹಿತ ಎ4 ಹಾಳೆಯ ಮೇಲೆ ಅಸಲಿ ಸೈಜಿನಲ್ಲಿ, ಫಿಟ್ ಟು ಪೇಜ್ ತೆಗೆದು, ಪ್ರಿಂಟ್ ತೆಗೆಯಿರಿ. ಸ್ಕೇಲ್ ಇಟ್ಟು ಬ್ಲೇಡಿನಿಂದ ಕತ್ತರಿಸಿ, ಆದರೆ ಗೆರೆಯ ಮೇಲೆ ಅಲ್ಲ. ಎರಡು ಬದಿ ಒಂದೂವರೆ ಮಿ.ಮೀ. ಒಳಗೆ, ಎರಡು ಬದಿ ಒಂದೂವರೆ ಹೊರಗೆ. ಹಾಗೆ ವಕ್ರವಾಗಿ ಕತ್ತರಿಸಿದ್ದೂ ನೋಡಲಿಕ್ಕೆ ಸರಿ ಅನಿಸಿದರೆ ಫೈಲ್ ಗಟ್ಟಿ ಇದೆ. ಕೆಳಗಿನ ಸಾಲು ಅಂಚಿಗೆ ಬಂತು ಅನಿಸಿದರೆ ಈಗಲೇ ಮೇಲೆ ಸರಿಸಿ.

ಫೈಲಿನ ಹೆಸರಿನಲ್ಲೇ ಕಟಿಂಗ್ ಸೈಜ್ ಮತ್ತು ಬ್ಲೀಡ್ ಬರೆಯಿರಿ, "ಹ್ಯಾಂಡ್‌ಬಿಲ್ 140×216 ಬ್ಲೀಡ್ 3" ಅಂತ. "ಫೈನಲ್", "ಫೈನಲ್ ಹೊಸದು", "ಫೈನಲ್ ಇದೇ" ಅಂತ ಮೂರು ಫೈಲ್ ಒಟ್ಟಿಗೆ ಕಳಿಸಬೇಡಿ, ಪ್ರೆಸ್ಸಿನವರು ಮೊದಲು ಕೈಗೆ ಸಿಕ್ಕಿದ್ದನ್ನು ಪ್ಲೇಟಿಗೆ ಹಾಕುತ್ತಾರೆ. ಗದಗದಿಂದಲೋ ಹುಬ್ಬಳ್ಳಿಯಿಂದಲೋ ಪ್ರೂಫ್ ಮೊಬೈಲಿಗೆ ಬಂದಾಗ ಕಟಿಂಗ್ ಗೆರೆ ಎಲ್ಲಿ ಬರುತ್ತದೆ ಅಂತ ಕೇಳಿ ನೋಡಿಕೊಂಡೇ ಒಪ್ಪಿಗೆ ಕೊಡಿ. ಪ್ಲೇಟ್ ಆದ ಮೇಲೆ ಒಂದು ಒತ್ತು ಸರಿಸಬೇಕು ಅಂದರೂ ಹೊಸ ಪ್ಲೇಟ್, ಅದರ ರೊಕ್ಕ ಯಾರು ಕೊಡಬೇಕು ಅನ್ನುವ ಜಗಳ ಬೇರೆ.